ನಗು ಕಾಣಬೇಕು

ದೇಗು ಎಂಬ ಊರಿನ ದೊಡ್ಡ ಮಾರ್ಟೊಂದರಲ್ಲಿ ಕ್ಯಾಷಿಯರ್ ಹೆಂಗಸರಿಗೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಗಿರಾಕಿ ಬಂದರೆ ಎರಡೂ ಕೈ ಹೊಕ್ಕುಳ ಮೇಲಿಟ್ಟು ಬಗ್ಗಬೇಕು. ತಲೆ ಎತ್ತಿದಾಗ ನಗು ಕಾಣಬೇಕು. ತುಟಿ ಅರಳಿದರೆ ಸಾಲದು, ಹಲ್ಲು ಕಾಣಬೇಕು. ಗಿರಾಕಿಯ ವೇಷದಲ್ಲಿ ಬಂದು ನಗುವಿಗೆ ಅಂಕ ಹಾಕಿ ಹೋಗುವವರೂ ಇದ್ದರು. ಅಲ್ಲಿನ ಕ್ಯಾಷಿಯರ್ ಒಕ್ಬುನ್‌ಗೆ ಇದು ಎಷ್ಟು ಮೈಗೂಡಿತ್ತೆಂದರೆ, ಮನೆಯ ಬಾಗಿಲು ತಟ್ಟಿದ ಕೊರಿಯರಿನವನಿಗೂ ಬಗ್ಗಿ "ಬನ್ನಿ ಬನ್ನಿ, ಸ್ವಾಗತ" ಎಂದುಬಿಡುತ್ತಿದ್ದಳು. ಗಂಡ ಮನ್‌ಬೊಕ್ ನಗಲು ಹೋಗಿ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದ.

ಅವನ ಶ್ವಾಸಕೋಶ ಕೆಟ್ಟಿದ್ದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ. ಇಬ್ಬರೂ ಹರೆಯದಲ್ಲಿ ಅಲ್ಲೇ ದುಡಿದವರು, ಆ ಹಬೆಯಲ್ಲೇ ಒಬ್ಬರನ್ನೊಬ್ಬರು ಮೆಚ್ಚಿದವರು. ಕಾರ್ಖಾನೆ ಅವನಿಗೆ ಉಬ್ಬಸ ಕೊಟ್ಟು ಬಾಗಿಲು ಮುಚ್ಚಿಕೊಂಡಿತು. ಅವನು ಮನೆಯಲ್ಲಿ ಆಕ್ಸಿಜನ್ ಯಂತ್ರದ ಪಕ್ಕ ಕೂತ. ಅವಳು ಮಾರ್ಟಿಗೆ ಸೇರಿ 'ಯೊಸಾನಿಮ್' ಆದಳು. ಅಮ್ಮಾವ್ರೇ ಎಂದ ಹಾಗೆ ಅದು, ಕೇಳಲು ಭಾರಿ ಮರ್ಯಾದೆ. ಹುದ್ದೆ, ಬಡ್ತಿ ಕೊಡಲು ಮನಸ್ಸಿಲ್ಲದವರು ಹೆಂಗಸರಿಗೆ ಅಲ್ಲಿ ಈ ಮರ್ಯಾದೆಯನ್ನು ಪುಕ್ಕಟೆ ಹಂಚುತ್ತಾರೆ.

ಕೊರೊನಾ ಸುದ್ದಿ ಬಂದ ಫೆಬ್ರವರಿಯಲ್ಲಿ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: "ನೋಡಮ್ಮಾ, ನಿಮ್ಮ ಯಜಮಾನ್ರಿಗೆ ಇದು ತಗುಲಿದ್ರೆ ನಮ್ ಕೈಲಿ ಏನೂ ಆಗಲ್ಲ." ಮರುದಿನ ಒಕ್ಬುನ್ ಮಾಸ್ಕ್ ಹಾಕಿಕೊಂಡೇ ಕೌಂಟರಿನಲ್ಲಿ ನಿಂತಳು. ಮ್ಯಾನೇಜರ್ ಹ್ವಾಂಗ್ ಓಡಿಬಂದ.

"ಯೊಸಾನಿಮ್, ತೆಗೀರಿ ಅದನ್ನ! ಗಿರಾಕಿಗಳು ಹೆದ್ರಿಕೊಳ್ತಾರೆ. ನಗು ಎಲ್ಲಿ ಕಾಣತ್ತೆ?"

"ಕಣ್ಣಲ್ಲೇ ನಗ್ತೀನಿ ಸಾರ್."

"ಕಣ್ಣಿಗೆ ಅಂಕ ಇಲ್ಲ."

ಪಕ್ಕದ ಕೌಂಟರಿನ ಹೇಸುಕ್ ಬಾಯಿಗೆ ಬೀಗ ಹಾಕಿಕೊಳ್ಳುವವಳಲ್ಲ. ಹೆಂಗಸರನ್ನೆಲ್ಲ ಸೇರಿಸಿ, ಮಾಸ್ಕ್ ಬೇಕು, ಕೌಂಟರಿಗೆ ಅಡ್ಡ ಗಾಜು ಬೇಕು ಎಂದು ಹ್ವಾಂಗ್‌ನ ಎದುರು ನಿಂತಳು. ನಾವೆಲ್ಲ ಒಂದೇ ಕುಟುಂಬ ಅಲ್ವಾ ಎಂದು ಅವನು ರಾಗ ಎಳೆದ. "ಹಾಗಾದ್ರೆ ನಿಮ್ಮಮ್ಮನ್ನೂ ಕರ್ಕೊಂಬಂದು ಇಲ್ಲಿ ನಿಲ್ಸಿ, ಮಾಸ್ಕ್ ಇಲ್ದೆ" ಎಂದಳು ಹೇಸುಕ್. ಎರಡು ದಿನ ಬಿಟ್ಟು ಹ್ವಾಂಗ್ ಒಂದು ಡಬ್ಬ ತಂದ. ಅಡುಗೆಯವರು ಗದ್ದಕ್ಕೆ ಸಿಕ್ಕಿಸಿಕೊಳ್ಳುವ, ಬಾಯಿಗೆ ಅಡ್ಡ ನಿಂತು ಮೂಗಿನತ್ತ ತೆರೆದೇ ಇರುವ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಗಳು.

"ನೀವು ಕೇಳಿದ್ದೂ ಆಯ್ತು, ನಗು ಕಂಡಿದ್ದೂ ಆಯ್ತು."

"ಇದು ನಮ್ ಉಗುಳು ಸಾರಿಗೆ ಬೀಳದ ಹಾಗೆ ಮಾಡಿರೋದು. ಅವರ ಕೆಮ್ಮು ನಮ್ ಮೂಗಿಗೆ ಬರೋದನ್ನ ಇದು ತಡಿಯತ್ತಾ?" ಎಂದಳು ಒಕ್ಬುನ್. ಹ್ವಾಂಗ್ ಡಬ್ಬವನ್ನು ಅಲ್ಲೇ ಇಟ್ಟು ಹೊರಟುಹೋದ.

ರಜೆಯ ದಿನ ಅವಳು ತನ್ನದೇ ಮಾಸ್ಕ್ ಹಾಕಿಕೊಂಡು, 'ನಮಗೂ ಮನೆಯಲ್ಲಿ ಕಾಯಿಲೆಯವರಿದ್ದಾರೆ' ಎಂದು ಬರೆದ ಫಲಕ ಹಿಡಿದು ಮಾರ್ಟಿನ ಬಾಗಿಲಲ್ಲಿ ಒಬ್ಬಳೇ ನಿಂತಳು. ಒಬ್ಬರೇ ನಿಂತರೆ ಪೊಲೀಸರ ಅಪ್ಪಣೆ ಬೇಕಿಲ್ಲ. ಮೊದಲ ಗಿರಾಕಿ ಬಂದದ್ದೇ ತಡ, ಅವಳ ಕೈಗಳು ತಾವಾಗಿಯೇ ಹೊಕ್ಕುಳಿಗೆ ಹೋದವು. ಫಲಕ ನೆಲಕ್ಕೆ ಬಿತ್ತು. ಮಾಸ್ಕಿನೊಳಗೇ ಹಲ್ಲು ಕಿರಿದು, ನಡುಬಗ್ಗಿಸಿ, "ಬನ್ನಿ ಬನ್ನಿ, ಸ್ವಾಗತ" ಎಂದಳು. ಎರಡನೆಯವರಿಗೂ ಅದೇ ಆಯಿತು. ಬಾಗಿಲ ಗಾಜಿನ ಹಿಂದಿನಿಂದ ಹ್ವಾಂಗ್ ಅದರ ಫೋಟೊ ತೆಗೆದು, 'ರಜೆಯಲ್ಲೂ ಸೇವೆ' ಎಂದು ಕೆಲಸದವರ ಕೋಣೆಯಲ್ಲಿ ಅಂಟಿಸಿದ. ಥೂ, ಅಂಥವನ ಜನ್ಮಕ್ಕಿಷ್ಟು! ಅವಳು ಮತ್ತೆ ಬರಿಮುಖದಲ್ಲಿ ಕೆಲಸಕ್ಕೆ ನಿಂತಳು. ಬಿಟ್ಟರೆ ಆಕ್ಸಿಜನ್ ಯಂತ್ರದ ಬಾಡಿಗೆ ಕಟ್ಟುವವರಾರು?

ಮುಂದಿನ ವಾರವೇ ಅವಳಿಗೆ ಜ್ವರ ಬಂತು, ಪರೀಕ್ಷೆಯಲ್ಲಿ ಕೊರೊನಾ ಎಂದಾಯಿತು. ನಗರಸಭೆಯ ಹುಡುಗಿ ಫೋನಿನಲ್ಲಿ ಕೇಳಿದಳು: "ಕೆಲಸದಲ್ಲಿ ಮಾಸ್ಕ್ ಹಾಕಿದ್ರಾ?"

"ಹಾಕಕ್ಕೆ ಬಿಡ್ಲಿಲ್ಲ ಕಣಮ್ಮಾ."

"ಅದನ್ನೆಲ್ಲ ಬರ್ಯಕ್ಕೆ ಇಲ್ಲಿ ಜಾಗ ಇಲ್ಲ ಆಂಟಿ. ಹಾಕಿದ್ರಾ, ಇಲ್ವಾ?"

"ಇಲ್ಲ."

ಸಂಜೆಯೊಳಗೆ ಊರಿನ ಎಲ್ಲ ಮೊಬೈಲುಗಳಿಗೂ ಸಂದೇಶ ಹೋಯಿತು: ಐವತ್ತೇಳರ ಹೆಂಗಸು, ಮಾರ್ಟ್ ಕ್ಯಾಷಿಯರ್, ಮಾಸ್ಕ್ ಧರಿಸಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಅದರ ಕೆಳಗೆ ಜನ ಬಾಯಿಗೆ ಬಂದಂತೆ ಬೈದರು. ತಾನು ಸಾಯೋದಲ್ದೆ ಊರನ್ನೂ ಸಾಯಿಸ್ತಾಳೆ ಎಂದೊಬ್ಬ. ಮಾರ್ಟಿನವರು ಒಂದು ದಿನ ಬಾಗಿಲು ಹಾಕಿ, ಔಷಧಿ ಹೊಡೆಸಿ, ಗಿರಾಕಿಗಳ ಕ್ಷಮೆ ಕೇಳಿದರು. ಅವಳ ಕ್ಷಮೆ ಯಾರೂ ಕೇಳಲಿಲ್ಲ.

ಅವಳು ಒಂದು ಆಸ್ಪತ್ರೆ, ಮನ್‌ಬೊಕ್ ಇನ್ನೊಂದು. ಅವನಿಗೂ ತಗುಲಿತ್ತು, ಹಾಸಿಗೆ ಸಿಕ್ಕಿದ್ದೇ ತಡವಾಗಿ, ಅವನು ಉಳಿಯಲಿಲ್ಲ. ಮುಖ ಕೂಡ ತೋರಿಸದೆ ಸುಟ್ಟು, ಅವಳು ಗುಣವಾಗಿ ಹೊರಬಂದ ಮೇಲೆ ಬೂದಿ ಕೊಟ್ಟರು.

ಮತ್ತೆ ಕೆಲಸಕ್ಕೆ ಹೋದಾಗ ಮಾರ್ಟಿನಲ್ಲಿ ಎಲ್ಲರಿಗೂ ಮಾಸ್ಕ್ ಕಡ್ಡಾಯವಾಗಿತ್ತು, ಕೌಂಟರಿಗೆ ಗಾಜೂ ಬಂದಿತ್ತು. ಅಕ್ಕಪಕ್ಕದ ಕೌಂಟರುಗಳಲ್ಲಿ ಉದ್ದುದ್ದ ಸಾಲು. ಒಕ್ಬುನ್‌ಳ ಮುಂದೆ ನರಪಿಳ್ಳೆಯೂ ಇಲ್ಲ. ಬಹಳ ಹೊತ್ತಿನ ಮೇಲೆ, ಯಾವಾಗಲೂ ಅವಳ ಹತ್ತಿರವೇ ಬರುತ್ತಿದ್ದ ಮುದುಕಿಯೊಬ್ಬಳು ಬಂದು, ತೋಫು, ಮೊಳಕೆಕಾಳು ಮುಂದಿಟ್ಟಳು. ಗಾಜಿನಾಚೆಯ ಮಾಸ್ಕನ್ನು ನೋಡಿ ಅವಳ ಕಣ್ಣು ತುಂಬಿಬಂತು.

"ಅಯ್ಯೋ ಮಗಳೇ," ಎಂದಳು ನಿಜವಾದ ಅಕ್ಕರೆಯಿಂದ, "ಇದನ್ನ ಆವಾಗ್ಲೇ ಹಾಕ್ಕೊಂಡಿದ್ರೆ ನಿನ್ ಗಂಡ ಉಳೀತಿದ್ನಲ್ಲೇ."

ಒಕ್ಬುನ್ ತೋಫು, ಮೊಳಕೆಕಾಳಿಗೆ ಬಿಲ್ ಮಾಡಿದಳು.