ಅಣ್ಣನ ಮುಖದ ಕ್ಷೌರಿಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾನಸಿಕ ಆಸ್ಪತ್ರೆಯ ಗಂಡಸರ ವಾರ್ಡಿನ ಹಿಂದಿನ ಜಗಲಿಯಲ್ಲಿ ಒಂದು ಕಬ್ಬಿಣದ ಕುರ್ಚಿ, ಒಂದು ಬಕೆಟ್ ಬಿಸಿನೀರು, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ಕ್ಷೌರಿಕರು. ಇಲ್ಲಿಗೆ ಗಾಜು ತರುವಂತಿಲ್ಲ, ಹಾಗಾಗಿ ಕನ್ನಡಿಯೂ ಇಲ್ಲ. ಗಡ್ಡ ಹೆರೆಸಿಕೊಂಡವನು ತಲೆಯೆತ್ತಿ, "ಹೇಗೆ ಕಾಣ್ತೀನಿ?" ಎಂದು ಕೇಳುತ್ತಾನೆ. ಕ್ಷೌರಿಕರು ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, "ಮದುಮಗನ ಹಾಗೆ ಕಾಣ್ತೀರಿ. ಮೂಗಿನ ವಿಷಯದಲ್ಲಿ ಮಾತ್ರ ನಾನೇನೂ ಮಾಡೋಕಾಗಲ್ಲ" ಎನ್ನುತ್ತಾರೆ. ಸರದಿಗಾಗಿ ಕೂತವರು ನಗುತ್ತಾರೆ.

ವಾರ್ಡಿನವರಿಗೆಲ್ಲ ಅವರು ತಮ್ಮಣ್ಣ. ಹಾಗೆ ಹೆಸರು ಬೀಳಲು ಕಾರಣ ಸಾಲಿನ ಕೊನೆಯಲ್ಲಿ ಕೂತಿದೆ. ಅದೇ ಹಣೆ, ಅದೇ ದಪ್ಪ ಹುಬ್ಬು, ನೆತ್ತಿಯ ಮೇಲೆ ಅದೇ ಎರಡು ಸುಳಿ. ಅವರು ತಮ್ಮಣ್ಣನ ಅಣ್ಣ. ಅಣ್ಣ ಎಂದರೆ ಕಾಲು ಗಂಟೆ ಮೊದಲು ಹುಟ್ಟಿದವರು, ಅಷ್ಟೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಈ ಅವಳಿಗಳಲ್ಲಿ ಒಬ್ಬರು ಅರ್ಧ ಆಯುಷ್ಯವನ್ನು ಈ ವಾರ್ಡಿನಲ್ಲೇ ಕಳೆದಿದ್ದಾರೆ, ಇನ್ನೊಬ್ಬರು ಇದೇ ವಾರ್ಡಿನಲ್ಲಿ ಕತ್ತರಿ ಹಿಡಿದಿದ್ದಾರೆ.

ಅಣ್ಣನಿಗೆ ಕಾಯಿಲೆ ಕಾಣಿಸಿಕೊಂಡಾಗ ಇಬ್ಬರಿಗೂ ಹತ್ತೊಂಬತ್ತು. ಯಾರೋ ಗೋಡೆಯಾಚೆಯಿಂದ ಬೈಯುತ್ತಿದ್ದಾರೆ ಎಂದು ಅಣ್ಣ ಊಟ ಬಿಟ್ಟರು, ನಿದ್ದೆ ಬಿಟ್ಟರು. ನೆಂಟರಿಷ್ಟರು ಅಮ್ಮನ ಮೇಲೆ ಮುಗಿಬಿದ್ದರು. ಮುದ್ದು ಮಾಡಿ ಕೆಡಿಸಿದಳು ಎಂದು ಒಬ್ಬರು, ಹೊಡೆದು ಬೆಳೆಸಿದ್ದಕ್ಕೇ ಹೀಗಾಯಿತು ಎಂದು ಮತ್ತೊಬ್ಬರು. ಅದೇ ಅಮ್ಮ, ಅದೇ ಮುದ್ದು, ಅದೇ ಏಟು ತಿಂದ ಇನ್ನೊಬ್ಬ ಮಗ ಪಕ್ಕದಲ್ಲೇ ಗುಂಡುಕಲ್ಲಿನ ಹಾಗೆ ನಿಂತಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅವಳಿಗಳ ಅಧ್ಯಯನಕ್ಕೆಂದು ಆಸ್ಪತ್ರೆಯವರು ಅಣ್ಣ ತಮ್ಮ ಇಬ್ಬರ ರಕ್ತವನ್ನೂ ತೆಗೆದುಕೊಂಡರು. ಇದು ಬೆಳೆಸಿದ ರೀತಿಯ ತಪ್ಪಲ್ಲ, ಮಿದುಳಿನ ಕಾಯಿಲೆ, ಇದರಲ್ಲಿ ಹುಟ್ಟಿನಿಂದ ಬಂದದ್ದರ ಪಾಲೂ ಇದೆ ಎಂದು ವೈದ್ಯೆ ಅಮ್ಮನಿಗೆ ಬಿಡಿಸಿ ಹೇಳಿದರು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರಂತೆ. "ಅಮ್ಮನ ತಲೆ ಮೇಲಿನ ಹೊರೆ ಅವತ್ತು ಇಳೀತು. ಇಳಿದು ಸೀದಾ ನನ್ನ ತಲೆ ಮೇಲೆ ಕೂತ್ಕೊಂಡ್ತು" ಎನ್ನುತ್ತಾರೆ ತಮ್ಮಣ್ಣ. "ಅವನ ರಕ್ತವೇ ನನ್ನ ರಕ್ತ ಅಂದ ಮೇಲೆ, ನನ್ನ ಸರದಿ ಯಾವಾಗ ಅಂತ ಕಾಯೋದೇ ಆಯ್ತು."

ಆ ಭಯಕ್ಕೆ ಇಂಬುಕೊಟ್ಟದ್ದು ಹೊಸ ಕಾವಲುಗಾರನೊಬ್ಬನ ಎಡವಟ್ಟು. ಅವನು ಬೆಳಿಗ್ಗೆ ಜಗಲಿಗೆ ಬಂದು ನೋಡುತ್ತಾನೆ, ರೋಗಿಯ ಕೈಯಲ್ಲಿ ಬ್ಲೇಡು. ಹಿಂದಿನಿಂದ ತಬ್ಬಿಹಿಡಿದು, ಬ್ಲೇಡು ಕಿತ್ತುಕೊಂಡು, ತಮ್ಮಣ್ಣನನ್ನು ಒಳಗೆ ತಳ್ಳಿ ಚಿಲಕ ಹಾಕಿಯೇ ಬಿಟ್ಟ. "ನಾನವನಲ್ಲಪ್ಪ, ಅವನ ತಮ್ಮ" ಎಂದರೆ, "ಇಲ್ಲಿ ಎಲ್ಲರೂ ಹಾಗೇ ಅಂತಾರೆ" ಎಂದ. ಸಮಾಧಾನವಾಗಿ ಹೇಳಿದರೆ ಸಂಚು ಅನ್ನಿಸುತ್ತದೆ, ಕೂಗಾಡಿದರೆ ಕಾಯಿಲೆ ಅನ್ನಿಸುತ್ತದೆ. ಕೊನೆಗೆ ಬಿಡಿಸಿದವರು ಅಣ್ಣನೇ. ಚಹಾದ ಲೋಟ ಹಿಡಿದು ಬಂದವರು ನಿಧಾನವಾಗಿ, "ಅವನನ್ನ ಬಿಟ್ಟುಬಿಡಿ. ಅವನಿಗೆ ಕೆಲಸ ಇದೆ" ಎಂದರು.

ತಮ್ಮಣ್ಣ ಈ ಕಥೆಯನ್ನು ನಗುನಗುತ್ತಲೇ ಹೇಳುತ್ತಾರೆ. ಆದರೆ ಆ ಒಂದು ಗಂಟೆ ಚಿಲಕದ ಒಳಗೆ ಕೂತಾಗ, ನನ್ನ ಸರದಿ ಬಂದೇಬಿಟ್ಟಿತು ಅಂದುಕೊಂಡಿದ್ದೆ ಎಂದು ಒಪ್ಪಿಕೊಳ್ಳುತ್ತಾರೆ. ಇದೇ ವಾರ್ಡಿನಲ್ಲಿ ಆಯಾ ಆಗಿದ್ದಾಕೆ ಮದುವೆಯಾಗು ಎಂದು ತಾನಾಗಿಯೇ ಕೇಳಿದಾಗ, ಬಹಳ ಕಾಲ ಹೂಂ ಎನ್ನದೆ ಸತಾಯಿಸಿದ್ದು ಇದೇ ಭಯಕ್ಕೆ. "ಬಂದ್ರೆ ನೋಡ್ಕೊಳ್ಳೋಕೆ ನಂಗೆ ಬರುತ್ತಲ್ಲ" ಎಂದು ಆಕೆ ಪಟ್ಟುಹಿಡಿದದ್ದರಿಂದ ಸಂಸಾರ ಹೂಡಿದರು. ಕಾಯಿಲೆ ತಮ್ಮಣ್ಣನಿಗೆ ಬರಲೇ ಇಲ್ಲ. ಮಗಳು ಹುಟ್ಟಿದಳು.

ಈಗ ಆ ಮಗಳಿಗೆ ಹತ್ತೊಂಬತ್ತು. ತಮ್ಮಣ್ಣನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿರುವುದು ಅದಕ್ಕೇ. ಅವಳು ಊಟ ಅರ್ಧಕ್ಕೆ ಬಿಟ್ಟರೆ ಇವರಿಗೂ ತುತ್ತು ಇಳಿಯುವುದಿಲ್ಲ. ಕೋಣೆಯೊಳಗೆ ಒಬ್ಬಳೇ ನಕ್ಕರೆ ಹೊಸ್ತಿಲಲ್ಲಿ ಹಾಜರು. "ಯಾರ ಜೊತೆ ಮಾತಾಡ್ತಿದೀಯಮ್ಮ?" ಎಂದರೆ ಅವಳು ಫೋನನ್ನು ಮುಖದ ಮುಂದೆ ಹಿಡಿದು ತೋರಿಸುತ್ತಾಳೆ. "ಅವಳನ್ನ ಸ್ವಲ್ಪ ಉಸಿರಾಡೋಕೆ ಬಿಡ್ರೀ" ಎಂದು ಹೆಂಡತಿ ಗದರಿದರೂ ಕಾವಲು ತಪ್ಪುವುದಿಲ್ಲ.

ಒಂದು ದಿನ ತಡೆಯಲಾರದೆ ವೈದ್ಯೆಯನ್ನೇ ಕೇಳಿದರು. ಆಕೆ ಬಣ್ಣ ಹಚ್ಚದೆ ಹೇಳಿದರು. "ಬರುತ್ತೆ ಇಲ್ಲ ಬರಲ್ಲ ಅಂತ ಹೇಳೋ ಪರೀಕ್ಷೆ ನಮ್ಮ ಹತ್ರ ಇಲ್ಲ. ಬೇರೆ ಮನೆಯವರಿಗಿಂತ ನಿಮ್ಮ ಮನೇಲಿ ಸಾಧ್ಯತೆ ಜಾಸ್ತಿ, ಅದು ನಿಜ. ಆದ್ರೆ ಇಂಥ ಹತ್ತು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂಬತ್ತು ಮಕ್ಕಳಿಗೆ ಈ ಕಾಯಿಲೆ ಬರೋದೇ ಇಲ್ಲ. ರಕ್ತ ಒಂದೇ ಎಲ್ಲಾನೂ ತೀರ್ಮಾನ ಮಾಡೋದಾದ್ರೆ ನೀವು ಇವತ್ತು ಈ ಕಡೆ ನಿಂತಿರ್ತಿರಲಿಲ್ಲ."

ಆ ಮಾತನ್ನು ಮನೆಗೆ ಒಯ್ದು ಮಗಳ ಮುಂದಿಟ್ಟರು. ಅವಳಿಗೆ ಆಗಲೇ ಎಲ್ಲ ಗೊತ್ತಿತ್ತು. ಪ್ರತಿ ವಾರ ದೊಡ್ಡಪ್ಪನನ್ನು ನೋಡಲು ಬರುವವಳು, ಅವರೊಂದಿಗೆ ಚೌಕಾಬಾರ ಆಡಿ ಬೇಕೆಂದೇ ಸೋಲುವವಳು ಅವಳು. "ನನಗೂ ಭಯ ಆಗುತ್ತೆ, ಅಪ್ಪ" ಎಂದಳು. "ಆದ್ರೆ ನೀವು ನನ್ನ ಮುಖ ನೋಡೋವಾಗಲೆಲ್ಲ ದೊಡ್ಡಪ್ಪನ್ನ ಹುಡುಕ್ತೀರಲ್ಲ, ಅದಕ್ಕೆ ಇನ್ನೂ ಜಾಸ್ತಿ ಭಯ ಆಗುತ್ತೆ. ಏನಾದ್ರೂ ಅನ್ನಿಸಿದ್ರೆ ಮೊದಲು ನಿಮಗೇ ಹೇಳ್ತೀನಿ. ನೋಡೋದು ಬಿಡಿ." ಇಷ್ಟು ವರ್ಷ ತಾನು ಹೊತ್ತ ಹೊರೆಯನ್ನು ತಾನೇ ಮಗಳ ಹೆಗಲಿಗೆ ದಾಟಿಸುತ್ತಿದ್ದೇನೆ ಎಂಬುದು ತಮ್ಮಣ್ಣನಿಗೆ ಆಗ ತಿಳಿಯಿತು.

ಈಗ ಏನು ಆಸೆ ಎಂದು ಕೇಳಿದರೆ, ಅವರು ಅಣ್ಣನ ಕತ್ತಿನ ಹಿಂದಿನ ಕೂದಲನ್ನು ಬ್ರಷ್‌ನಿಂದ ಜಾಡಿಸುತ್ತ ಹೇಳುತ್ತಾರೆ.

"ಅವಳ ಅಪ್ಪ ಆಗಿದ್ರೆ ಸಾಕು, ಕಾವಲುಗಾರ ಆಗೋದು ಬೇಡ. ಮೊನ್ನೆ ಚಪ್ಪಲಿ ವಿಷಯಕ್ಕೆ ಇಬ್ಬರಿಗೂ ಜಗಳ ಆಯ್ತು. ಬಾಗಿಲು ಧಡಾರ್ ಅಂತ ಹಾಕ್ಕೊಂಡು ಒಳಗೆ ಹೋದ್ಲು. ನಾನು ಎದ್ದು ನಿಂತೆ. ಆಮೇಲೆ ಅಂದ್ಕೊಂಡೆ, ಹುಡುಗಿಗೆ ಅಪ್ಪನ ಮೇಲೆ ಸಿಟ್ಟು ಬಂದಿದೆ, ಅಷ್ಟೇ. ಹೋಗಿ ಬಾಗಿಲಿಗೆ ಕಿವಿ ಕೊಡಲಿಲ್ಲ. ಕೂತು ಊಟ ಮಾಡ್ದೆ."