‘ನಾಳೆಯ ಮನೆ’ಗೆ ಒಂದು ಕುರ್ಚಿ

ಮೈಸೂರಿನ ಅಂಚಿನಲ್ಲಿದ್ದ ಮೋಜಿನ ಪಾರ್ಕೊಂದರಲ್ಲಿ ‘ನಾಳೆಯ ಮನೆ’ ಅಂತ ಒಂದು ಬೊಂಬೆ ಪ್ರದರ್ಶನವಿತ್ತು, ಈಗಿಲ್ಲ. ತೊಂಬತ್ತರ ದಶಕದಲ್ಲಿ ಅಲ್ಲಿ ಕೂತು ಮೈಕಿನಲ್ಲಿ ವಿವರಣೆ ಹೇಳುವುದು ನನ್ನ ಕೆಲಸ. ದೃಶ್ಯ ಬದಲಾದಂತೆ ಒರಳು ಹೋಗಿ ಗ್ರೈಂಡರ್ ಬರುತ್ತಿತ್ತು, ಒಗೆಯುವ ಕಲ್ಲು ಹೋಗಿ ವಾಷಿಂಗ್ ಮಷೀನ್ ಬರುತ್ತಿತ್ತು. ಗೃಹಿಣಿ ಬೊಂಬೆಗೆ ಮಾತ್ರ ಸೀರೆ ಬಿಟ್ಟರೆ ಬೇರೇನೂ ಬದಲಾಗುತ್ತಿರಲಿಲ್ಲ. ಪಕ್ಕದಲ್ಲಿ ಯಜಮಾನರ ಬೊಂಬೆ ಪೇಪರ್ ಹಿಡಿದು ಕೂತಿತ್ತು.

“ಇನ್ನು ತಾಯಂದಿರಿಗೆ ಆರಾಮವೋ ಆರಾಮ!” ಎಂದೆ, ಒಂದು ಭಾನುವಾರ.

ಮುಂದೆ ನಿಂತಿದ್ದ ಅಜ್ಜಿಯೊಬ್ಬರು, “ಇಷ್ಟೆಲ್ಲ ಮಿಷನ್ ಬಂದ್ರೂ ಆಯಮ್ಮ ನಿಂತೇ ಅವ್ಳಲ್ಲಪ್ಪ, ಒಂದು ಕುರ್ಚಿ ಆಕ್ಬಾರ್ದಾ?” ಎಂದರು.

“ಬೊಂಬೆಗೆ ಕಾಲು ನೋಯಲ್ಲ ಕಣಜ್ಜಿ,” ಎಂದೆ, ಮೈಕಿನಲ್ಲೇ. ಜನ ನಕ್ಕರು.

“ಮತ್ತೆ ಆ ಗಂಡ್ಸು ಬೊಂಬೆಗೆ ನೋಯ್ತದಾ?”

ಈಗ ಇನ್ನೂ ಜೋರಾಗಿ ನಕ್ಕರು. ನಾನು ಉಗುಳು ನುಂಗಿದ್ದೂ ಮೈಕಿನಲ್ಲಿ ಕೇಳಿಸಿತು.

ಜನ ಹೋದ ಮೇಲೆ ನನ್ನ ಕುರ್ಚಿಯನ್ನೇ ಒಯ್ದು ಗೃಹಿಣಿ ಬೊಂಬೆಯನ್ನು ಕೂರಿಸಲು ನೋಡಿದೆ. ಕಾಲು ಬಗ್ಗಲಿಲ್ಲ. ಮಾಡಿದವರು ಆಕೆಗೆ ಮೊಣಕಾಲನ್ನೇ ಇಟ್ಟಿರಲಿಲ್ಲ.

ಅವತ್ತಿನಿಂದ ಪ್ರದರ್ಶನ ಮುಚ್ಚುವವರೆಗೂ ನಾನೂ ನಿಂತುಕೊಂಡೇ ವಿವರಣೆ ಹೇಳಿದೆ. “ಏನ್ರೀ, ಮೂಲವ್ಯಾಧಿನಾ?” ಅಂತ ಮ್ಯಾನೇಜರ್ ಕೇಳಿದರು. ಹೌದು ಸಾರ್ ಅಂದುಬಿಟ್ಟೆ. ನಿಜ ಹೇಳುವುದಕ್ಕಿಂತ ಅದೇ ಮರ್ಯಾದೆ ಅನ್ನಿಸಿತು.