ಕೊಟ್ಟಿಗೆಯೊಳಗಿನ ಹಗೇವು

ಹೋದ ಬೇಸಿಗೆಯಲ್ಲಿ ನನ್ನ ತಮ್ಮನ ಮಗ, ಹೊಸೂರಿನ ಹತ್ತಿರ ಆಲಸನತ್ತಂ ಊರಿನ ಪಕ್ಕದ ನಮ್ಮ ಹಳೆಯ ಕೊಟ್ಟಿಗೆ ಜಾಗದಲ್ಲಿ ಮನೆಗೆ ಪಾಯ ತೆಗೆಸುತ್ತಿದ್ದ. ಜೆಸಿಬಿ ಒಂದು ಚಪ್ಪಡಿ ಕಲ್ಲನ್ನು ಎತ್ತಿದ್ದೇ ತಡ, ಕೆಳಗಿನಿಂದ ಬಿಸಿ ಗಾಳಿಯ ಜೊತೆ ಒಂದು ವಾಸನೆ ಬಂತು. ಬಹಳ ಕಾಲ ಮುಚ್ಚಿಟ್ಟ ರಾಗಿಯ ಮುಗ್ಗಲು ವಾಸನೆ. ಗಾಡಿ ಓಡಿಸುವವನು ಇಳಿದು ಬಂದು, ಇದೇನು ಬಾವಿಯಾ ಎಂದು ತಮಿಳಿನಲ್ಲಿ ಕೇಳಿದ. ಏನೋ ಹಳೇ ಗುಂಡಿ ಅಂದುಬಿಟ್ಟೆ. ಸುಳ್ಳು ಹೇಳುವ ಅಗತ್ಯವೇನೂ ಇರಲಿಲ್ಲ. ಆದರೆ ನೆಲದಡಿ ಏನಿದೆ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯವರ ಬಾಯಿ ತಾನಾಗಿ ಸುಳ್ಳು ಹೇಳುತ್ತದೆ.

ಅದು ಹಗೇವು. ನೀವು ನೋಡಿರಲಿಕ್ಕಿಲ್ಲ. ನೆಲದೊಳಗೆ ಗಡಿಗೆಯ ಆಕಾರದಲ್ಲಿ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು, ಹೊಟ್ಟೆ ಮಾತ್ರ ಅಗಲ. ರಾಗಿ ತುಂಬಿ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ತೆಗೆಯುವಾಗ ಮೊದಲು ಹಗ್ಗದಲ್ಲಿ ದೀಪ ಇಳಿಬಿಟ್ಟು ನೋಡುತ್ತಿದ್ದರು, ದೀಪ ಆರಿದರೆ ಯಾರೂ ಒಳಗಿಳಿಯುತ್ತಿರಲಿಲ್ಲ. ಸಾಮಾನ್ಯವಾಗಿ ಹಗೇವು ಇರುವುದು ಮನೆಯ ಮುಂದಿನ ಬಯಲಿನಲ್ಲಿ, ಊರಿಗೆಲ್ಲ ಗೊತ್ತಿರುವ ಜಾಗದಲ್ಲಿ. ನಮ್ಮದು ಕೊಟ್ಟಿಗೆಯೊಳಗೆ, ಹಸುವಿನ ಕಾಲ ಕೆಳಗಿತ್ತು. ಯಾಕೆಂದರೆ ಅದನ್ನು ತೋಡಿದ್ದು ಮಹಾಯುದ್ಧದ ಕಾಲದಲ್ಲಿ.

ಮಹಾಯುದ್ಧದ ಕಾರಣಗಳನ್ನು ನಾನು ಹೊಸೂರಿನ ಶಾಲೆಯಲ್ಲಿ ತಮಿಳಿನಲ್ಲಿ ಬಾಯಿಪಾಠ ಮಾಡಿದ್ದೇನೆ. ಐದು ಮಾರ್ಕಿನ ಪ್ರಶ್ನೆ. ಒಪ್ಪಂದ, ಸರ್ವಾಧಿಕಾರಿ, ಗಡಿ, ದುರಾಸೆ ಎಲ್ಲವನ್ನೂ ಬರೆದು ನಾಲ್ಕು ಮಾರ್ಕು ತೆಗೆದುಕೊಂಡೆ. ಮನೆಗೆ ಬಂದು ಅಜ್ಜಿಗೆ ಒಪ್ಪಿಸಿದರೆ ಅವಳು ತಲೆಯಾಡಿಸಿದಳು. ಅವಳ ಪ್ರಕಾರ ಯುದ್ಧಕ್ಕೆ ಒಂದೇ ಕಾರಣ. ಯಾರೋ ಇನ್ನೊಬ್ಬರ ಮನೆಯಲ್ಲಿ ಎಷ್ಟಿದೆ ಎಂದು ಕೇಳಿದರು, ಇವರು ಪೆದ್ದರ ಹಾಗೆ ನಿಜ ಹೇಳಿದರು.

ಆ ಪಾಠವನ್ನು ಮಾತ್ರ ನಾನು ಪೂರ್ತಿ ಕಲಿತೆ. ಕಾರ್ಖಾನೆಯಲ್ಲಿದ್ದಷ್ಟು ಕಾಲ ಸೂಪರ್‌ವೈಸರ್ ಎಷ್ಟು ಪೀಸ್ ಆಯಿತು ಎಂದರೆ ಯಾವಾಗಲೂ ಕಡಿಮೆ ಹೇಳುತ್ತಿದ್ದೆ. ಬಡ್ತಿ ಸಿಗದೆ ಹೋದದ್ದಕ್ಕೆ ಅದೂ ಒಂದು ಕಾರಣವಿರಬೇಕು. ಮನೆಗೆ ಗಣತಿಯ ಹುಡುಗಿ ಬಂದು ಎಷ್ಟು ಕೋಣೆ ಎಂದು ಕೇಳಿದಾಗ ದೇವರ ಕೋಣೆಯನ್ನು ಬಿಟ್ಟು ಹೇಳಿದೆ. ಅವಳು ಅಲ್ಲೇ ಆ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಟಿ.ವಿ.ಯಲ್ಲಿ ದೂರದ ಯಾವುದೋ ದೇಶದ ಯುದ್ಧದ ಸುದ್ದಿ ಬಂದರೆ ಸಾಕು, ನನ್ನ ಕೈ ರಾಗಿ ಮೂಟೆಯನ್ನು ಮಂಚದ ಕೆಳಕ್ಕೆ ನೂಕುತ್ತದೆ. ನಮ್ಮಾಕೆ ಅದನ್ನು ಗೊಣಗುತ್ತಾ ಹೊರಗೆಳೆಯುತ್ತಾಳೆ.

ಆ ಯುದ್ಧಕ್ಕೆ ನಮ್ಮ ತಾತ ಹೋಗಿದ್ದರು. ಬಂದೂಕು ಹಿಡಿಯಲು ಅಲ್ಲ, ಬರ್ಮಾದ ಗಡಿಯಲ್ಲಿ ರಸ್ತೆ ಮಾಡಲು. ಊರಿನಲ್ಲಿ ಅಜ್ಜಿ ಎರಡು ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಇದ್ದಳು. ದೊಡ್ಡವನು ನಮ್ಮಪ್ಪ, ಚಿಕ್ಕವಳು ಚೆನ್ನಿ. ಅಷ್ಟರಲ್ಲಿ ಸರ್ಕಾರದವರು ಲೆವಿ ಎಂದು ಮನೆಮನೆಯ ರಾಗಿ ಎತ್ತತೊಡಗಿದರು. ಗೋಡೆಯಾಚೆ ಮನೆಯ ಮುನಿಯಪ್ಪ ಅಜ್ಜಿಗೆ ಕೊಟ್ಟಿಗೆಯಲ್ಲಿ ಹಗೇವು ತೋಡಿಕೊಟ್ಟ. ಜಾಗ ಗೊತ್ತಿದ್ದದ್ದು ಅವನಿಗೆ, ಅವನ ಹೆಂಡತಿ ವೆಂಕಟಮ್ಮನಿಗೆ ಮತ್ತು ಅಜ್ಜಿಗೆ ಮಾತ್ರ. ಆದರೂ ಅಜ್ಜಿ ಹೊಲಕ್ಕೆ ಹೋಗಿದ್ದ ದಿನ ಲೆವಿಯವರು ನೇರವಾಗಿ ಕೊಟ್ಟಿಗೆಗೆ ಹೋಗಿ, ಹಸು ಬಿಚ್ಚಿಸಿ, ಬಚ್ಚಿಟ್ಟದ್ದು ಎಂದು ಒಂದು ಹಿಡಿಯೂ ಬಿಡದೆ ತುಂಬಿಕೊಂಡು ಹೋದರು. ಮಳೆಗಾಲದ ಹೊತ್ತಿಗೆ ಚೆನ್ನಿಗೆ ಜ್ವರ ಬಂತು. ಹೊಟ್ಟೆಗಿಲ್ಲದ ಮೈ, ತಡೆಯಲಿಲ್ಲ.

ಹೇಳಿಕೊಟ್ಟದ್ದು ಮುನಿಯಪ್ಪನೇ ಎಂದು ಅಜ್ಜಿ ತೀರ್ಮಾನಿಸಿದಳು. ನೀವಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ. ಚೆನ್ನಿ ಮಲಗಿದ್ದಾಗ ವೆಂಕಟಮ್ಮ ಸೆರಗಿನಲ್ಲಿ ಮುಚ್ಚಿಕೊಂಡು ಅಂಬಲಿ ತಂದಳಂತೆ. ಅಜ್ಜಿ ಅದನ್ನು ಅವಳ ಕಣ್ಣೆದುರೇ ತಿಪ್ಪೆಗೆ ಸುರಿದಳು. ಈ ಕಥೆಯನ್ನು ಅಜ್ಜಿ ನಮಗೆ ಎಷ್ಟೋ ಸಲ ಹೇಳಿದ್ದಾಳೆ, ಹೆಮ್ಮೆಯಿಂದ. ನಾವೂ ಹೆಮ್ಮೆಯಿಂದಲೇ ಕೇಳಿದ್ದೇವೆ. ತಾತ ತಿರುಗಿ ಬಂದವರು ಮುನಿಯಪ್ಪನ ಮುಖ ನೋಡಲಿಲ್ಲ. ಎರಡು ಮನೆಗಳ ನಡುವೆ ಬೆಂಕಿ, ನೀರು, ಮದುವೆ ಊಟ ಎಲ್ಲವೂ ನಿಂತುಹೋಯಿತು. ಮುನಿಯಪ್ಪ ತೀರಿಕೊಂಡಾಗ ನಮ್ಮ ಮನೆಯ ಬಾಗಿಲು ಮುಚ್ಚಿಯೇ ಇತ್ತು. ಹೆಣ ಸಾಗುವ ತಮಟೆ ಸದ್ದಿಗೆ ನಾನು ಕಿಟಕಿಯ ಹತ್ತಿರ ಹೋದರೆ ಅಜ್ಜಿ ಕಿವಿ ಹಿಡಿದು ಎಳೆದಳು.

ಈಗ ಆ ಚಪ್ಪಡಿ ಎದ್ದ ಸುದ್ದಿ ಕೇಳಿ ಜನ ಬಂದರು. ಅವರ ಜೊತೆ ರತ್ನಮ್ಮನೂ ಬಂದಳು. ಆಕೆ ಮುನಿಯಪ್ಪನ ಸೊಸೆ, ಈಗ ಬೆನ್ನು ಬಾಗಿದ ಮುದುಕಿ. ನಾನು ಹುಟ್ಟಿದಾಗಿನಿಂದ ಪಕ್ಕದ ಮನೆಯಲ್ಲೇ ಇದ್ದರೂ ಆಕೆಯ ಜೊತೆ ಒಂದು ಮಾತೂ ಆಡಿದವನಲ್ಲ. ಆಕೆ ಗುಂಡಿಯ ಅಂಚಿನಲ್ಲಿ ಕೂತು ಒಳಗೆ ಇಣುಕಿ ನೋಡಿದಳು. ಜನ ಚದುರಿದ ಮೇಲೂ ಏಳಲಿಲ್ಲ. ನನಗೆ ಅನುಮಾನ ಶುರುವಾಯಿತು. ಜಾಗದಲ್ಲಿ ಪಾಲು ಕೇಳಲು ಬಂದಿರಬಹುದೇ? ಒಳಗೆ ಏನೋ ಸಿಕ್ಕಿದೆ ಅಂದುಕೊಂಡಳೇ? ಹತ್ತಿರ ಹೋಗಿ ನಿಂತೆ. ಆಕೆ ತಲೆ ಎತ್ತದೆಯೇ ಮಾತಾಡಿದಳು.

"ನಮ್ಮಾವ ಹೇಳಿಕೊಟ್ಟಿಲ್ಲ ಕಣಪ್ಪ. ನಮ್ಮತ್ತೆ ಕಣ್ಣಾರೆ ಕಂಡಿದ್ಳು. ಲೆವಿ ಜವಾನ ನಿಮ್ ಮನೆಯೆಲ್ಲಾ ಹುಡುಕ್ಬುಟ್ಟು, ಏನೂ ಸಿಗ್ದೆ ಹೊರಟಿದ್ದ. ಕೊಟ್ಟಿಗೆ ತಾವ ನಿಂತ್ಬುಟ್ಟ. ಹಸ ಕಟ್ಟಿದ್ ಜಾಗ್ದಾಗೆ ರಂಗೋಲಿ, ಅರಿಸಿನ ಕುಂಕ್ಮ, ಒಂದು ಹೂವು. ಗಂಜಲದ ಮಧ್ಯೆ ಯಾರು ಪೂಜೆ ಮಾಡ್ತಾರೆ ಅಂತ ನಕ್ಕೊಂಡು ಹಾರೆ ತರಿಸ್ದ."

ಅಂದರೆ ಅಜ್ಜಿ ಶುಕ್ರವಾರ ಶುಕ್ರವಾರ ಬಚ್ಚಿಟ್ಟ ರಾಗಿಗೆ ಪೂಜೆ ಮಾಡುತ್ತಿದ್ದಳು. ಧಾನ್ಯ ಇರುವ ನೆಲವನ್ನು ಬರಿದೇ ಬಿಡಲು ಅವಳಿಂದ ಆಗಿರಲಿಲ್ಲ.

ಹಾಗಾದರೆ ಅಜ್ಜಿಗೆ ಅದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳೋಣ ಅಂತ್ಲೇ ಇದ್ರು. ಅಷ್ಟೊತ್ಗೆ ಮಗು ಹೋಗ್ಬುಡ್ತು. ನೀನ್ ಪೂಜೆ ಮಾಡಿದ್ಕೇ ರಾಗಿ ಹೋಯ್ತು, ರಾಗಿ ಇಲ್ದೆ ಮಗು ಹೋಯ್ತು ಅಂತ ಯಾವ್ ಬಾಯಲ್ಲಿ ಹೇಳಾದು? ನಿಮ್ಮಜ್ಜಿ ಬಾವಿಗೆ ಬೀಳ್ತಿದ್ಳು. ನಮ್ಮನ್ನ ಬೈಕೊಂಡಾದ್ರೂ ಬದುಕ್ಲಿ ಬುಡು ಅಂದ್ಳು ನಮ್ಮತ್ತೆ. ಮನೇರ್ ಕೈಲೆಲ್ಲಾ ಆಣೆ ಹಾಕಿಸ್ಕೊಂಡ್ಳು."

ನಾನು ನಂಬಲಿಲ್ಲ. ನಂಬಿದರೆ ನಾನು ಅಜ್ಜಿಯ ಮೊಮ್ಮಗನೇ ಅಲ್ಲ. ಆ ಮನೆಯವರು ಇನ್ನೇನು ಹೇಳಿಯಾರು, ಸತ್ತವರನ್ನು ಸಾಕ್ಷಿಗೆ ಕರೆಯುವುದು ಸುಲಭ ಎಂದು ಮನಸ್ಸಿನಲ್ಲೇ ಅಂದುಕೊಂಡು ಮನೆಗೆ ಬಂದೆ. ಕೈಕಾಲು ತೊಳೆದು ಊಟಕ್ಕೆ ಕೂತೆ. ನಮ್ಮಾಕೆ ಸಾರಿಗೆ ಒಂದು ಚೂರು ಬೆಲ್ಲ ಹಾಕಿದಳು, ಅಷ್ಟೇ, ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

ನಾವು ಚಿಕ್ಕವರಿದ್ದಾಗ ಅಜ್ಜಿ ಬೆಲ್ಲವನ್ನು ಬಚ್ಚಿಡುತ್ತಿದ್ದಳು. ಅಟ್ಟದ ಮೇಲೆ ಒಂದೇ ಥರದ ಗಡಿಗೆಗಳ ಸಾಲು. ಅವಳು ದಿನಾ ಜಾಗ ಬದಲಿಸುತ್ತಿದ್ದಳು. ನಮಗೆ ಹುಡುಕುವ ಕಷ್ಟವೇ ಇರಲಿಲ್ಲ. ಯಾವ ಗಡಿಗೆಯ ಕತ್ತಿನ ಮೇಲೆ ಕುಂಕುಮದ ಬೊಟ್ಟಿದೆಯೋ ಅದಕ್ಕೆ ಕೈ ಹಾಕುತ್ತಿದ್ದೆವು. ಬೆಲ್ಲ ಯಾರು ತೋರಿಸಿಕೊಟ್ಟರೋ ಎಂದು ಅಜ್ಜಿ ನಮ್ಮಮ್ಮನನ್ನು ಅನುಮಾನಿಸಿ ದಿನಗಟ್ಟಲೆ ಮಾತು ಬಿಡುತ್ತಿದ್ದಳು.

ರತ್ನಮ್ಮ ಹೇಳಿದ್ದು ನಿಜ. ಅಷ್ಟು ವರ್ಷ ಆ ಮನೆಯವರು ಕಳ್ಳರ ಹಾಗೆ ತಲೆ ತಗ್ಗಿಸಿ ನಮ್ಮ ಬಾಗಿಲ ಮುಂದೆ ಓಡಾಡಿದ್ದು ನಮ್ಮ ಅಜ್ಜಿ ಉಳಿಯಲಿ ಎಂದು. ನನಗೆ ಅಳು ಬಂತು. ಯಾರಿಗಾಗಿ ಎಂದು ಮಾತ್ರ ಗೊತ್ತಾಗಲಿಲ್ಲ. ತಿಪ್ಪೆಗೆ ಸುರಿದ ಆ ಅಂಬಲಿಯನ್ನು ನೆನೆದರೆ ಈಗಲೂ ನನಗೆ ಕೂರಲಾಗುವುದಿಲ್ಲ. ಮಾರನೆಯ ಬೆಳಿಗ್ಗೆ ರತ್ನಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಕೂತೆ. ಆಕೆ ಮಜ್ಜಿಗೆ ಕೊಟ್ಟಳು, ಕುಡಿದೆ. ತಮ್ಮನಿಗೆ ಹೇಳಿದೆ, ಮಕ್ಕಳಿಗೆ ಹೇಳಿದೆ, ಕೃಷ್ಣಗಿರಿಯಲ್ಲಿರುವ ತಂಗಿಗೆ ಫೋನಿನಲ್ಲಿ ಹೇಳಿದೆ. ಸುಳ್ಳು ಹೇಳಿಯೇ ರೂಢಿಯಾದ ಬಾಯಿಗೆ ಇಷ್ಟೊಂದು ನಿಜ ಹೇಳಿದ್ದು ಹೊಸದು.

ಮೊನ್ನೆ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಹಾಕುವ ದಿನ. ತಾತ, ಅಜ್ಜಿ, ಅಪ್ಪ, ಅಮ್ಮ, ಚೆನ್ನಿ ಎಲ್ಲರ ಎಲೆಗಳನ್ನೂ ನಾನೇ ಹಾಸಿದೆ. ಅಜ್ಜಿಯ ಎಲೆಯ ಪಕ್ಕ ಸ್ವಲ್ಪ ಜಾಗ ಮಾಡಿ ಇನ್ನೆರಡು ಎಲೆ ಹಾಸಿ ಮುದ್ದೆ, ಸಾರು, ಪಾಯಸ ಎಲ್ಲವನ್ನೂ ಬಡಿಸಿದೆ. ಎದುರಿಗೆ ಅಜ್ಜಿಯ ಫೋಟೋ ಇತ್ತು. ನಮ್ಮಾಕೆಗೆ ಎಲ್ಲ ಗೊತ್ತು. ಆದರೂ ಹಿರಿಯರ ಮುಂದೆ ನನ್ನ ಬಾಯಿಂದಲೇ ಬರಲಿ ಎಂದೋ ಏನೋ, ಈ ಎರಡು ಎಲೆ ಯಾರದು ಎಂದು ಕೇಳಿದಳು.

ನಾನು ಫೋಟೋ ಕಡೆ ನೋಡಿದೆ. ಮುನಿಯಪ್ಪ, ವೆಂಕಟಮ್ಮ ಎರಡೂ ಹೆಸರು ನಾಲಿಗೆಯವರೆಗೂ ಬಂದಿದ್ದವು.

"ಯಾರೋ ದೂರದ ನೆಂಟರದು ಕಣೆ" ಅಂದೆ.